ಮುಖ ಮುಟ್ಟದ ಮೂರು ವಾರ

ಪೊಂಗಲ್ ಕಳೆದ ಮರುವಾರ ಕಾರಿಮಂಗಲದಿಂದ ತಾಯಿ ಮಗಳು ಇಬ್ಬರು ನನ್ನ ಪಾರ್ಲರಿನ ಮೆಟ್ಟಿಲು ಹತ್ತಿ ಬಂದರು. ತೊಂಬತ್ತರ ದಶಕದ ನಡುವಿನ ಮಾತು. ಸೇಲಂನ ಶೆವ್ವಾಪೇಟೆಯಲ್ಲಿ, ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಕಾರ್ಖಾನೆಯ ಮೇಲಿನ ಎರಡು ಕೋಣೆ ನನ್ನದು. ಮುಂದಿನ ಕೋಣೆಯಲ್ಲಿ ಕುರ್ಚಿ, ಕನ್ನಡಿ. ಹಿಂದಿನದರಲ್ಲಿ ಒಂದು ಪರದೆ, ಎತ್ತರದ ಮಂಚ, ಭೂತಗನ್ನಡಿ ಹಾಕಿದ ದೀಪ, ಮತ್ತೆ ಕೂದಲಿನ ಬೇರು ಸುಡುವ ಸೂಜಿ ಮಿಷನ್. ಆಗ ಊರಲ್ಲಿ ಅಂಥ ಮಿಷನ್ ಇಟ್ಟುಕೊಂಡವರು ಕಡಿಮೆ. ಹಾಗಾಗಿ ದೂರದಿಂದಲೂ ಹೆಂಗಸರು ವಿಳಾಸ ಕೇಳಿಕೊಂಡು ಬರುತ್ತಿದ್ದರು. ಬಂದವರು ಮೊದಲು ಮೆಟ್ಟಿಲ ಮೇಲೆ ನಿಂತು ಹಿಂದೆ ಮುಂದೆ ನೋಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು.

ತಾಯಿಗೆ ನಲವತ್ತೈದರ ಆಸುಪಾಸು, ಹಣೆ ಬರಿದಾಗಿತ್ತು. ಮಗಳಿಗೆ ಇಪ್ಪತ್ತೆರಡು. ದಾವಣಿಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕನ್ನಡದ ಮನೆಯವರು ಅಂತ ಗೊತ್ತಾದ ಮೇಲೆ ನಾನೂ ಮನೆಮಾತಲ್ಲೇ ಕೇಳಿದೆ.

"ಎಷ್ಟು ದಿನದಿಂದ ಐತವ್ವಾ?"

"ದೀಪಾವಳಿಗೆ ಇರ್ಲಿಲ್ಲ ಅಕ್ಕಾ. ಈಗ ಐತೆ," ಅಂದಳು ಹುಡುಗಿ. ಗಂಟಲು ಒಡೆದಿತ್ತು.

"ನೆಗಡಿನಾ?"

"ಇಲ್ಲಕ್ಕಾ. ಎಸ್‌ಟಿಡಿ ಬೂತ್ ನೋಡ್ಕೋತೀನಿ. ದಿನಾ ಫೋನಲ್ಲಿ ಅರಚಿ ಅರಚಿ ಇಂಗಾಗೈತೆ."

ನಾನು ಹೆಚ್ಚು ಕೇಳಲಿಲ್ಲ. ಮೇಲ್ತುಟಿಯ ಕೂದಲನ್ನು ನೂಲು ಹಾಕಿ ಕಿತ್ತೆ. ತಣ್ಣೀರಿನ ಬಟ್ಟೆ ಒತ್ತಿ, ಇವತ್ತು ಸೋಪು ಬೇಡ, ಅರಿಶಿನ ಬೇಡ ಅಂತ ಹೇಳಿ ಕಳಿಸಿದೆ. ಗಿರಾಕಿ ಬಂದಾಗೆಲ್ಲ ಒಂದೊಂದು ರಟ್ಟಿನ ಕಾರ್ಡು ಬರೆದಿಡುವುದು ನನ್ನ ರೂಢಿ. ಅದರ ಮೇಲೆ ಮುಖದ ಆಕಾರ ಬರೆದು, ಎಲ್ಲಿ ಎಷ್ಟು ಕೂದಲು ಅಂತ ಚುಕ್ಕಿ ಹಾಕುತ್ತಿದ್ದೆ. ಅವಳ ಮೊದಲ ಕಾರ್ಡಿನಲ್ಲಿ ಮೇಲ್ತುಟಿಯ ಎರಡು ಅಂಚಿಗೆ ಮಾತ್ರ ಚುಕ್ಕಿಗಳಿದ್ದವು.

ನೂಲು ಹಾಕಿದ ಮುಖ ಸಾಮಾನ್ಯವಾಗಿ ಮೂರು ವಾರ ತಡೆಯುತ್ತದೆ. ಅವಳು ಎಂಟನೇ ದಿನಕ್ಕೆ ಬಂದಳು. ಈ ಸಲ ಗಲ್ಲದ ಕೆಳಗೂ ಇತ್ತು, ಕಿವಿಯ ಮುಂದೆಯೂ ಇಳಿದಿತ್ತು. ಹೆಂಗಸರ ಮುಖದ ಕೂದಲು ಮೊದಮೊದಲು ನವಿರಾಗಿರುತ್ತದೆ, ಗಟ್ಟಿಯಾಗಲು ವರ್ಷಗಳೇ ಬೇಕು. ಇವು ಹಾಗಿರಲಿಲ್ಲ. ಕಪ್ಪಗೆ, ದಪ್ಪಗೆ, ಕಿತ್ತರೆ ಬುಡದಲ್ಲಿ ಅಕ್ಕಿಕಾಳಿನ ತುದಿಯಂಥ ಬಿಳಿ ಗಂಟು. ಇದು ನೂಲಿಗೆ ಬಗ್ಗುವುದಲ್ಲ, ಸೂಜಿ ಮಿಷನ್ನಿಗೆ ಬಾ ಅಂತ ದಿನ ಕೊಟ್ಟೆ.

ಆ ಕೆಲಸಕ್ಕೆ ಅವಸರ ಆಗುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಸೂಜಿ. ಚಿಮಟಗಳನ್ನು ಪ್ರೆಷರ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ಕೂದಲು ಹೇಗೆ ಓರೆಯಾಗಿ ಹುಟ್ಟಿದೆಯೋ ಅದೇ ಓರೆಗೆ ಸೂಜಿಯನ್ನು ರಂಧ್ರದೊಳಗೆ ಇಳಿಸಬೇಕು. ಚರ್ಮ ತಡೆದರೆ ದಾರಿ ತಪ್ಪಿದೆ ಅಂತ ಅರ್ಥ, ಹೊರಗೆ ತೆಗೆದು ಮತ್ತೆ ಇಳಿಸಬೇಕು. ಸರಿಯಾದ ಆಳಕ್ಕೆ ಹೋದ ಮೇಲೆ ಕಾಲಡಿಯ ಪೆಡಲ್ ಒತ್ತಿ ಮನಸ್ಸಿನಲ್ಲೇ ಒಂದು, ಎರಡು ಎಣಿಸಬೇಕು. ಆಮೇಲೆ ಚಿಮಟದಲ್ಲಿ ಹಿಡಿದರೆ ಬೆಣ್ಣೆಯಿಂದ ಎಳೆದ ಹಾಗೆ ಕೂದಲು ತಾನಾಗಿ ಬರಬೇಕು. ಜಗ್ಗಿದರೆ ಬೇರು ಸತ್ತಿಲ್ಲ. ಒಂದರ ಪಕ್ಕದ್ದನ್ನು ಅದೇ ದಿನ ಮುಟ್ಟಬಾರದು, ಮುಟ್ಟಿದರೆ ಚರ್ಮ ಬೆಂದು ಕಲೆ ಉಳಿಯುತ್ತದೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಹುಡುಗಿ ಕಣ್ಣುಮುಚ್ಚಿ ಮಲಗಿದ್ದಳು. ಇಪ್ಪತ್ತೋ ಇಪ್ಪತ್ತೈದೋ ಕೂದಲು ತೆಗೆದಿರಬಹುದು, ಕರೆಂಟು ಹೋಯಿತು. ದೀಪ ಆರಿತು. ಕೆಳಗೆ ಮೆರುಗು ಕೊಡುವ ಮೋಟಾರುಗಳೂ ನಿಂತು, ಇಡೀ ಕಟ್ಟಡ ಒಮ್ಮೆಗೇ ಸದ್ದಿಲ್ಲದಂತಾಯಿತು. ಪರದೆ ಎಳೆದ ಆ ಕೋಣೆಗೆ ಕಿಟಕಿಯಿಲ್ಲ.

"ಕರೆಂಟ್ ಓಯ್ತಾ ಅಕ್ಕಾ?"

ನಾನು ಪೆಡಲಿನ ಮೇಲಿಂದ ಕಾಲು ಕಿತ್ತೆ. ನನ್ನ ಮೊಣಕೈಗೆ ಹತ್ತಿರದಿಂದ, ಆ ಕತ್ತಲಲ್ಲಿ, ನಡುವಯಸ್ಸಿನ ಒಬ್ಬ ಗಂಡಸು ನನ್ನನ್ನು ಅಕ್ಕಾ ಅಂದಿದ್ದ. ಬೆಳಕಿದ್ದಾಗ ಅವಳ ಮುಖ ನೋಡುತ್ತ ಮಾತು ಕೇಳುತ್ತಿದ್ದುದರಿಂದ ನನಗೆ ಅದು ತಿಳಿದಿರಲಿಲ್ಲ. ಮುಖ ಕಾಣದೆ ಹೋದಾಗ ದನಿ ಮಾತ್ರ ಉಳಿಯಿತು.

ಕೆಳಗಿನಿಂದ ಕೆಲಸದವನೊಬ್ಬ ತಮಿಳಲ್ಲಿ ಕೂಗಿ ಕೇಳಿದ: "ಯಾರುಕ್ಕಾ ಮೇಲೆ ಆಂಬಳೆ?" ಮೇಲೆ ಯಾರು ಗಂಡಸು ಅಂತ. ನಾನು ಹೆಂಗಸರಿಗಷ್ಟೇ ಕೆಲಸ ಮಾಡುವವಳು ಅಂತ ಅವರಿಗೆಲ್ಲ ಗೊತ್ತು.

ಪರದೆ ಸರಿಸಿ ಮುಂದಿನ ಕೋಣೆಗೆ ಬಂದೆ. ತಾಯಿ ಕುರ್ಚಿ ಬಿಟ್ಟು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದಳು.

"ಕೇಳ್ತಾ?" ಅಂದಳು ಮೆಲ್ಲಗೆ. "ಅದು ಅವಳಪ್ಪನ ಗಂಟ್ಲು."

ಅಲ್ಲಿ ನಿಂತುಕೊಂಡೇ ಎಲ್ಲ ಹೇಳಿದಳು. ಗಂಡ ತೀರಿ ಒಂದೂವರೆ ವರ್ಷ. ಯಾವುದೋ ಕೆಲಸಕ್ಕೆ ಸೇಲಂಗೆ ಹೊರಟವನು ಬಸ್ಸಿನಲ್ಲೇ ಪ್ರಾಣ ಬಿಟ್ಟಿದ್ದ. ತೊಪ್ಪೂರು ಕಣಿವೆ ಇಳಿಯುವಾಗ ಕಿಟಕಿಗೆ ತಲೆಯಾನಿಸಿದನಂತೆ, ಪಕ್ಕದವರು ನಿದ್ದೆ ಅಂದುಕೊಂಡರು. ಸೇಲಂ ಬಸ್ ಸ್ಟಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಮುಟ್ಟಿ ನೋಡಿದ. ಬೂತ್ ಅವನದು. ಮನೆಯಲ್ಲಿ ಫೋನಿಲ್ಲದ ಕಾಲ, ಊರಿಗೆ ಬರುವ ಕರೆಗಳೆಲ್ಲ ಅಲ್ಲಿಗೇ. ಹತ್ತು ನಿಮಿಷ ಬಿಟ್ಟು ಮಾಡಿ, ಆಳು ಕಳಿಸಿ ಕರೆಸುತ್ತೇನೆ ಅಂತ ಅವನು ಹೇಳುವ ರೀತಿ ಸುತ್ತಿನ ಊರಿಗೆಲ್ಲ ಪರಿಚಿತ. ಅವನು ಸತ್ತ ಮೇಲೆ ಮಗಳು ಕೂತಳು.

"ಓದ ತಿಂಗಳು ಹೊಸೂರಿಂದ ಒಬ್ರು ಮಾಡಿದ್ರು," ಅಂದಳು ತಾಯಿ. "ಅವ್ರಿಗೆ ಸಾವಿನ್ ಸುದ್ದಿ ಗೊತ್ತಿಲ್ಲ. ಇವಳ ಕೂಡೆ ಐದು ನಿಮಿಷ ನಮ್ಮನೆಯೋರತ್ರ ಮಾತಾಡ್ದಂಗೇ ಮಾತಾಡಿ ಇಟ್ರು. ಧರ್ಮಪುರಿಯವ್ರು ಒಬ್ರು ಮಾಡಿದ್ರು, ಅವ್ರು ಎಣ ಹೊತ್ತವ್ರು. ಹಲೋ ಅಂದಿದ್ದೇ ತಡ, ಫೋನ್ ಬಿಸಾಕವ್ರೆ. ಮಾರನೇ ದಿನ ಬಂದು ಬೂತ್ ಮುಂದೆ ಕರ್ಪೂರ ಅಚ್ಚಿ ಓದ್ರು."

ಮದ್ರಾಸಿನಲ್ಲಿ ನನಗೆ ಈ ಕೆಲಸ ಕಲಿಸಿದ ಟೀಚರಮ್ಮ ಒಂದು ಮಾತು ಬರೆಸಿದ್ದರು. ನಿಧಾನಕ್ಕೆ ಬರುವ ಕೂದಲು ನಮ್ಮದು, ಓಡಿಬರುವ ಕೂದಲು ಡಾಕ್ಟರದ್ದು. ಅದು ನೆನಪಾಗಿ, ಮೊದಲು ಡಾಕ್ಟರ ಹತ್ತಿರ ತೋರಿಸಿ ಅಂದೆ. ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಆದರೆ ತಾಯಿ, "ಇಂಥ ಮುಖ ಎತ್ಕೊಂಡು ಡಾಕ್ಟ್ರ ಮುಂದೆ ಎಂಗವ್ವಾ ಓಗಾದು? ಕ್ಲೀನ್ ಮಾಡ್ಕೊಡು," ಅಂದಾಗ ನನಗೆ ಏನೂ ಹೊಳೆಯಲಿಲ್ಲ. ಹೆಂಗಸರೆಲ್ಲ ಕೇಳುವುದೇ ಅದು. ಕರೆಂಟು ಬಂದ ಮೇಲೆ ಇಡೀ ಮುಖಕ್ಕೆ ನೂಲು ಹಾಕಿ, ಹಾಲಿನಂತೆ ಮಾಡಿ ಕಳಿಸಿಕೊಟ್ಟೆ.

ಡಾಕ್ಟರು ನೋಡಿದ್ದು ಆ ಮುಖವನ್ನು. ಎಲ್ಲಿಯ ಡಾಕ್ಟರೋ ನಾನು ಕೇಳಲಿಲ್ಲ. ಒಂದು ಟಾನಿಕ್ ಬರೆದು, ಕಲ್ಯಾಣ ಮಾಡಿ, ಎಲ್ಲ ಸರಿಹೋಗುತ್ತದೆ ಅಂದರಂತೆ. ಗಂಟಲಿಗೆ ಉಪ್ಪುನೀರು ಮುಕ್ಕಳಿಸಲು ಹೇಳಿದರಂತೆ. ಅವರ ಎದುರಿಗೆ ಹುಡುಗಿ ತಲೆತಗ್ಗಿಸಿ ಹೂಂ, ಉಹೂಂ ಅಂದದ್ದು ಬಿಟ್ಟರೆ ಬಾಯಿಬಿಟ್ಟಿರಲಿಲ್ಲ.

ಆಮೇಲೆ ಒಂದೂವರೆ ತಿಂಗಳು ಅವಳು ವಾರಕ್ಕೊಮ್ಮೆ ಬಂದಳು. ನಾನು ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಏಳುತ್ತಿತ್ತು. ಎಷ್ಟೋ ಸಲ ಕೆಲಸ ಮುಗಿಸಿ ಬೆನ್ನು ನೆಟ್ಟಗೆ ಮಾಡುವಾಗ, ನಾನು ಶುರುಮಾಡಿದ ಜಾಗದಲ್ಲಿ ಮತ್ತೆ ಕಪ್ಪು ಕಂಡಂತಾಗುತ್ತಿತ್ತು. ಭೂತಗನ್ನಡಿ ಇಟ್ಟು ನೋಡಿದರೆ ಏನೂ ಇರುತ್ತಿರಲಿಲ್ಲ. ಕೆಲಸ ನನ್ನ ಕಣ್ಣಿಗೆ ಹತ್ತಿತ್ತು. ದೀಪ ಆರಿಸುವುದಕ್ಕೆ ನನಗೇ ಹಿಂಜರಿಕೆ. ಅವಳೂ ಅದನ್ನು ಕಂಡುಕೊಂಡಳೋ ಏನೋ, ಮಲಗಿದಾಗ ಮಾತಾಡುವುದನ್ನು ಬಿಟ್ಟಳು.

ಪಂಗುನಿ ತಿಂಗಳಲ್ಲಿ, ಅಂದರೆ ಮಾರ್ಚ್ ಕೊನೆಗೆ, ಒಂದು ದಿನ ತಾಯಿ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡು ಬಂದಳು. ದಾವಣಿ ಸರಿಸಿದರೆ ಬಲಗೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಲಿದು ಕೆಂಪಾಗಿತ್ತು, ಅಲ್ಲಲ್ಲಿ ನೀರುಗುಳ್ಳೆ. ನಾಟಿ ಮದ್ದಿನ ಅಂಗಡಿಯಿಂದ ಪುಡಿ ತಂದು, ಸುಣ್ಣದಲ್ಲಿ ಕಲಸಿ ಮೆತ್ತಿದ್ದಳು ತಾಯಿ. ಪೊಟ್ಟಣ ಇಸಿದುಕೊಂಡು ನೋಡಿದೆ. ಹಳದಿ ಪುಡಿ, ಹರಿದಾಳ. ಅದು ಪಾಷಾಣ. ಸುಣ್ಣದ ಜೊತೆ ಸೇರಿದರೆ ಕೂದಲು ಕರಗುವುದು ನಿಜ, ಕೂದಲು ಕರಗಿಸುವುದು ಚರ್ಮವನ್ನೂ ಬಿಡುವುದಿಲ್ಲ. ಗಾಯದ ಮೂಲಕ ವಿಷ ರಕ್ತಕ್ಕೂ ಇಳಿಯುತ್ತದೆ. ನಲ್ಲಿ ಕೆಳಗೆ ಅವಳ ಮುಖ ಹಿಡಿದು ಇಪ್ಪತ್ತು ನಿಮಿಷ ನೀರು ಹರಿಸಿದೆ. ಅರಿಶಿನ, ಎಣ್ಣೆ, ಪೌಡರ್ ಏನೂ ಹಚ್ಚದೆ, ಶುದ್ಧ ಬಟ್ಟೆ ಮುಚ್ಚಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸುಟ್ಟಗಾಯಕ್ಕೆ ಮುಲಾಮು ಹಾಕಿಸಿ ಬಂದೆ.

ವಾಪಸ್ ಬಂದ ಮೇಲೆ ನಾನು ತಾಯಿಯನ್ನು ಬೈದೆ. ಅವಳು ಬೈಸಿಕೊಂಡಳು. ಆಮೇಲೆ ಹೇಳಿದಳು: "ಬೆಳಿಗ್ಗೆ ಕಾಪಿ ತಗೊಂಡು ಅವಳತ್ರ ಓದೆ. ಕಿಟ್ಕಿ ಕಡೆ ತಿರುಗಿ ಕೂತಿದ್ಲು. ಅದೇ ಮೀಸೆ, ಅದೇ ಕೆನ್ನೆ. 'ಇಲ್ಲೇ ಇಡು' ಅಂತು ಅವರ ಗಂಟ್ಲು. ನಾನು 'ಆಗ್ಲಿ ರೀ' ಅಂದ್ಬಿಟ್ಟೆ ಕಣವ್ವಾ. ನನ್ ಮಗಳನ್ನ 'ರೀ' ಅಂದೆ. ಇನ್ನು ಆ ಮುಖ ನನ್ ಕಣ್ಣಿಗೆ ಬೀಳ್ಬಾರ್ದು ಅನ್ನಿಸ್ತು."

"ಮನೇಲಿ ಇನ್ಯಾರವ್ರೆ?"

"ಅತ್ತೆ ಐತೆ. ಅದಕ್ಕೆ ಕುಸಿಯೋ ಕುಸಿ. ಮಗ ವಾಪಸ್ ಬಂದವ್ನೆ ಅಂತ ಕೂತೈತೆ. ಕೂದ್ಲಿಗೆ ಕೈ ಆಕಿದ್ರೆ ನೋಡು ಅಂತ ನನ್ನೇ ಎದುರಿಸ್ತೈತೆ."

ಹುಡುಗಿ ಮಂಚದ ಅಂಚಿನಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಸುಟ್ಟಗಾಯದ ಸುತ್ತ ಎಷ್ಟು ಜಾಗ ಚೆನ್ನಾಗಿದೆ ಅಂತ ಗುರುತು ಮಾಡಲು ನಾನು ಅವಳ ಹಳೆಯ ಕಾರ್ಡುಗಳನ್ನು ತೆಗೆದೆ. ಒಂಬತ್ತು ಇದ್ದವು. ಮೇಜಿನ ಮೇಲೆ ಸಾಲಾಗಿ ಹರವಿದೆ. ಅಷ್ಟರವರೆಗೆ ನಾನು ಅವುಗಳನ್ನು ಒಂದೊಂದಾಗಿ ನೋಡಿದ್ದೆನೇ ಹೊರತು ಒಟ್ಟಿಗೆ ನೋಡಿರಲಿಲ್ಲ. ಮೊದಲನೆಯದರಲ್ಲಿ ತುಟಿಯ ಅಂಚು. ಆಮೇಲೆ ಗಲ್ಲ, ಕಿವಿ, ಕೆನ್ನೆ, ಕತ್ತು. ಒಂಬತ್ತನೆಯದರಲ್ಲಿ ಚುಕ್ಕಿ ಹಾಕಲು ಜಾಗವಿಲ್ಲದೆ ನಾನು ಪೆನ್ಸಿಲಿನಲ್ಲಿ ಗೀಚಿಬಿಟ್ಟಿದ್ದೆ. ಒಂದು ಮುಖದೊಳಗಿಂದ ಇನ್ನೊಂದು ಮುಖ ಮೆಲ್ಲಗೆ ಎದ್ದುಬರುತ್ತಿತ್ತು. ತಲೆಯೆತ್ತಿ ಅವಳನ್ನು ನೋಡಿದೆ. ಹಣೆಯ ಎರಡು ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿತ್ತು, ನಡುವಯಸ್ಸಿನ ಗಂಡಸರಿಗೆ ಸರಿಯುವ ಹಾಗೆ. ಮುಟ್ಟು ಯಾವಾಗ ಆದದ್ದು ಅಂತ ಕೇಳಿದೆ. ಕಾರ್ತಿಕದಿಂದ ಇಲ್ಲ ಅಂದಳು. ಅದನ್ನು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಆ ಹೊತ್ತಿಗೆ ನನಗೆ ತಿಳಿಯಿತು, ಇಷ್ಟು ದಿನ ನಾನು ಮಾಡಿದ್ದೇನು ಅಂತ. ಅವಳ ಮೈಯೊಳಗೆ ಏನೋ ನಡೆಯುತ್ತಿತ್ತು, ಅದು ಹೊರಗೆ ಬರೆಯುತ್ತಿದ್ದುದನ್ನೆಲ್ಲ ನಾನು ವಾರವಾರ ಅಳಿಸಿ ಕೊಡುತ್ತಿದ್ದೆ.

"ಇನ್ನು ಮೂರು ವಾರ ಈ ಮುಖ ಯಾರೂ ಮುಟ್ಬಾರ್ದು," ಅಂದೆ. "ನಾನೂ ಮುಟ್ಟಲ್ಲ. ನೂಲಿಲ್ಲ, ಬ್ಲೇಡಿಲ್ಲ, ಪುಡಿ ಇಲ್ಲ. ಗಾಯ ಮಾಯ್ಲಿ. ಕೂದ್ಲು ಪೂರಾ ಬರ್ಲಿ. ಎಂಗೈತೋ ಅಂಗೇ ಒಬ್ರು ಲೇಡಿ ಡಾಕ್ಟ್ರಿಗೆ ತೋರ್ಸಾನ. ನಾನೂ ಬತ್ತೀನಿ."

ತಾಯಿಯ ಕಣ್ಣು ಕೆಂಪಾದವು. "ಓ, ನೀವೂ ಅತ್ತೆ ಕಡೆ ಸೇರ್ಕೊಂಡ್ರಾ?" ಅಂದಳು. ಎದ್ದು ಮೆಟ್ಟಿಲಿಳಿದು ಹೋಗಿಯೇಬಿಟ್ಟಳು.

ಹುಡುಗಿ ಉಳಿದಳು. "ಬೆಳ್ಯಾಕೆ ಬಿಡ್ತೀನಿ ಅಕ್ಕಾ," ಅಂದಳು. "ಬೂತ್ ಷಟರ್ ಅರ್ಧ ಇಳ್ಸಿ ಕೂತ್ಕೋತೀನಿ. ಫೋನಲ್ಲಿ ಮುಖ ಕಾಣಲ್ಲ ಅಲ್ವಾ."

ಮೂರು ವಾರ ಕಳೆದ ಮೇಲೆ, ಸೇಲಂನ ಒಬ್ಬ ಡಾಕ್ಟರಮ್ಮ ಸಂಜೆ ಆರಕ್ಕೆ ಬರಹೇಳಿದ್ದ ದಿನ, ನಾನು ಪಾರ್ಲರ್ ಮುಚ್ಚಿ ಬೆಳಿಗ್ಗೆಯೇ ಕಾರಿಮಂಗಲಕ್ಕೆ ಹೋದೆ. ಅವರು ತಾವಾಗಿ ಬರುತ್ತಾರೆ ಅನ್ನುವ ನಂಬಿಕೆ ನನಗಿರಲಿಲ್ಲ. ಬೂತಿನ ಹಿಂದೆಯೇ ಮನೆ. ತಾಯಿ ಬಾಗಿಲು ತೆರೆದಳು, ಬನ್ನಿ ಅನ್ನಲಿಲ್ಲ. ನಡುಮನೆಯಲ್ಲಿ ಅಜ್ಜಿ ಮೊರದಲ್ಲಿ ಹುರುಳಿ ಹಾಕಿಕೊಂಡು, ನೋಡದೆ ಬೆರಳಿನಿಂದಲೇ ಕಲ್ಲು ಆರಿಸುತ್ತಿತ್ತು. ಕಣ್ಣಿನ ಪಾಪೆಗಳ ಮೇಲೆ ಹಾಲಿನಂಥ ಪೊರೆ.

"ನೀನೇನಾ ಕೂದ್ಲು ತಗ್ಯೋಳು?" ಅಂತು. "ಕೈ ಬಿಟ್ಟಿಯಂತೆ. ಒಳ್ಳೇ ಕೆಲ್ಸ ಮಾಡ್ದೆ. ಬಾ, ಕೂತ್ಕೋ."

ಹುಡುಗಿ ಒಳಗಿಂದ ಬಂದಳು. ಗೊತ್ತಿದ್ದೂ, ಕೂತಿದ್ದವಳು ಎದ್ದು ನಿಂತೆ. ಗಾಯ ಮಾಯ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಲ್ಲೊಂದು ಕಡೆ ಬಿಟ್ಟು ಉಳಿದ ಕಡೆಯೆಲ್ಲ ಗಡ್ಡ ತುಂಬಿತ್ತು. ಗೋಡೆಯ ಮೇಲೆ ಅವಳಪ್ಪನ ಫೋಟೋ, ಹಾರದ ಕೆಳಗೆ. ನಾನು ಅದರ ಕಡೆ ನೋಡಬಾರದು ಅಂದುಕೊಂಡೇ ನೋಡಿದೆ.

ನಾವು ಎರಡೂವರೆಯ ಬಸ್ಸಿಗೆ ಹೊರಡುವುದು ಅಂತ ಮಾತಾಯಿತು, ತಾಯಿಯೂ ಕೊನೆಗೆ ಒಪ್ಪಿದಳು. ಎರಡು ಗಂಟೆಗೆ ಅಜ್ಜಿ ಮೊರ ಪಕ್ಕಕ್ಕಿಟ್ಟು, ಕಾಲು ಚಾಚಿ, "ಮಗಾ, ಬಾ," ಅಂತು. ಹುಡುಗಿ ಹೋಗಿ ಅದರ ಪಕ್ಕ ಕೂತಳು. ತಾಯಿ ಸರಸರನೆ ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು. ಇದು ದಿನವೂ ನಡೆಯುವುದು ಅಂತ ನನಗೆ ಆಗಲೇ ಅರ್ಥವಾಯಿತು.

"ಬಸ್ಸಲ್ಲಿ ಪಕ್ಕದಾಗೆ ಯಾರಿದ್ರು ಮಗಾ?"

"ಒಬ್ರು ವಯಸಾದೋರು ಇದ್ರು ಅವ್ವಾ."

"ಮಾತಾಡ್ಸಿದ್ರಾ?"

"ಆಡ್ಸಿದ್ರು."

"ಒಬ್ನೇ ಇರ್ಲಿಲ್ಲ ಅಲ್ವಾ?"

"ಇಲ್ಲ ಅವ್ವಾ. ಒಬ್ನೇ ಇರ್ಲಿಲ್ಲ."

ಆ ದನಿಯಲ್ಲಿ ನಟನೆ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು, ರಸ್ತೆಯಲ್ಲಿ ಲಾರಿ ಹೋಗುತ್ತಿತ್ತು. ಅಜ್ಜಿ ತೃಪ್ತಿಯಿಂದ ಗೋಡೆಗೊರಗಿ ಕಣ್ಣುಮುಚ್ಚಿತು.

ಬೂತಿಗೆ ಬೀಗ ಹಾಕಲು ಹೋದಾಗ ಹುಡುಗಿಯನ್ನು ಕೇಳಿದೆ, ಏನಮ್ಮಾ ಇದು ಅಂತ.

"ಮೊದ್ಲು ಅಜ್ಜಿ ಸಮಾಧಾನಕ್ಕೆ ಏಳ್ತಿದ್ದೆ ಅಕ್ಕಾ," ಅಂದಳು. "ಈಗೀಗ ಅದು ಕೇಳಾಕೆ ಮುಂಚೇನೇ ಬಾಯಿಗೆ ಬಂದ್ಬಿಡ್ತದೆ. ಪಕ್ಕದಾಗೆ ವಯಸಾದೋರು ಇದ್ರು ಅಂತ ನಂಗ್ಯಾರೂ ಏಳಿಲ್ಲ. ನಾನೇಳ್ತಿದೀನೋ, ಅಪ್ಪ ಏಳ್ತವ್ರೋ, ನಂಗೇ ತಿಳೀತಿಲ್ಲ."

ಬೀಗ ಹಾಕು, ಬಸ್ಸಿಗೆ ಹೊತ್ತಾಯಿತು ಅಂದೆ.

ಚೀಲ ಹಿಡಿದು ಬಾಗಿಲಿಗೆ ಬಂದರೆ ಅಜ್ಜಿ ಎದ್ದು ಹೊಸ್ತಿಲ ಮೇಲೆ ಕೂತಿತ್ತು. ಸೊಸೆ ಎತ್ತಿದ ದನಿಯಲ್ಲಿ ಡಾಕ್ಟರು ಅಂದದ್ದು ಕಿವಿಗೆ ಬಿದ್ದಿರಬೇಕು. ಎರಡು ಕೈಯಲ್ಲಿ ಎರಡು ಕಡೆಯ ಬಾಗಿಲುವಾಡ ಹಿಡಿದುಕೊಂಡಿತ್ತು.

"ನನ್ ಮಗನ್ನ ತೆಗ್ಸಾಕೆ ಓಗ್ತೀರಾ? ಒಂದ್ಸಲ ಆ ಬಸ್ಸಿಗೆ ಕಳ್ಸಿ ಕಳ್ಕೊಂಡಿದ್ದು ಸಾಲ್ದಾ? ನನ್ನ ತುಳ್ಕೊಂಡು ಓಗಿ."

ತಾಯಿ ಬೇಡಿಕೊಂಡಳು. ನಾನು ವಿವರಿಸಿದೆ. ಅಜ್ಜಿಯ ಬೆರಳುಗಳು ಮರಕ್ಕೆ ಅಂಟಿಕೊಂಡಂತೆ ಇದ್ದವು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಆಗ ಹುಡುಗಿ ನಮ್ಮಿಬ್ಬರನ್ನು ಸರಿಸಿ ಮುಂದೆ ಬಂದು ನಿಂತಳು. ಜೋರಾಗಿ ಹೇಳಲಿಲ್ಲ. ಮನೆಯ ಯಜಮಾನ ಕೆಲಸಕ್ಕೆ ಹೊರಡುವಾಗ ಹೇಳುವ ಹಾಗೆ ಹೇಳಿದಳು:

"ಅವ್ವಾ. ದಾರಿ ಬಿಡು. ಓಗ್ಬಿಟ್ಟು ಬತ್ತೀನಿ."

ಅಜ್ಜಿ ಕೈ ಬಿಟ್ಟಿತು. ಸೀರೆ ಸರಿಮಾಡಿಕೊಂಡು ಪಕ್ಕಕ್ಕೆ ಜರುಗಿ, "ಉಷಾರು ಮಗಾ," ಅಂತು. ಹುಡುಗಿ ದಾಟಿದಳು. ಹಿಂದೆ ತಾಯಿ, ಆಮೇಲೆ ನಾನು.

ಬಸ್ಸಿನಲ್ಲಿ ಅವಳು ಮುಖದ ಮೇಲೆ ದುಪಟ್ಟಾ ಸುತ್ತಿ ಕಿಟಕಿ ಪಕ್ಕ ಕೂತಳು. ಮೂರು ಸೇಲಂ ಅಂತ ಟಿಕೆಟ್ ಕೇಳಿದವಳು ಅವಳೇ. ಕಂಡಕ್ಟರ್ ತಲೆಯೆತ್ತದೆ, "ಅಣ್ಣಾ, ಇದು ಲೇಡೀಸ್ ಸೀಟ್, ಪಿನ್ನಾಡಿ ಪೋಂಗ," ಹಿಂದೆ ಹೋಗಿ ಅಂದ. ಆಮೇಲೆ ನೋಡಿದ. ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ. ತೊಪ್ಪೂರು ಕಣಿವೆ ಇಳಿಯುವಾಗ ತಾಯಿ ಮಗಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಇಳಿಜಾರು ಮುಗಿಯುವ ತನಕ ಐದು ನಿಮಿಷಕ್ಕೊಮ್ಮೆ ಅವಳ ಹೆಸರು ಹಿಡಿದು ಕರೆಯುತ್ತಿದ್ದಳು. ಹುಡುಗಿ ಪ್ರತಿ ಸಲವೂ ಹೂಂ ಅನ್ನುತ್ತಿದ್ದಳು.

ಡಾಕ್ಟರಮ್ಮ ದುಪಟ್ಟಾ ತೆಗೆಯಲು ಹೇಳಿದರು. ನೋಡಿದರು. ಪೆನ್ನು ಕೆಳಗಿಟ್ಟು ಎದ್ದು ಬಂದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ನಾನು ಒಂಬತ್ತು ಕಾರ್ಡುಗಳನ್ನು ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ಓದಿ, ಹುಡುಗಿಯನ್ನೇ ಕೇಳಿದರು. ಮುಟ್ಟು ಯಾವಾಗ ನಿಂತಿತು, ದನಿ ಯಾವಾಗ ಒಡೆಯಿತು, ಹೊಟ್ಟೆ ನೋವಿದೆಯಾ. ಈ ಸಲ ಅವಳು ಬಾಯಿಬಿಟ್ಟು ಹೇಳಿದಳು. ಹೊರಗೆ ಕಾಯುತ್ತಿದ್ದ ಹೆಂಗಸರು ಗಂಡಸಿನ ದನಿ ಕೇಳಿ ಬಾಗಿಲ ಕಡೆ ಬಗ್ಗಿ ನೋಡಿದರು.

ಮಾರನೇ ದಿನ ಸ್ಕ್ಯಾನ್. ಎಡಗಡೆಯ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ರಕ್ತವನ್ನು ಮದ್ರಾಸಿಗೆ ಕಳಿಸಿದರು. ಗಂಡಸರ ಮೈಯಲ್ಲಿ ಇರಬೇಕಾದ ಹಾರ್ಮೋನು ಅವಳ ರಕ್ತದಲ್ಲಿ ತುಂಬಿಹೋಗಿತ್ತು. ಆ ಗಡ್ಡೆಯೇ ಅದನ್ನು ಮಾಡಿ ಮಾಡಿ ಸುರಿಯುತ್ತಿತ್ತು.

"ಪೇಯ್ ಇಲ್ಲೆಮ್ಮಾ, ಕಟ್ಟಿ," ಅಂದರು ಡಾಕ್ಟರಮ್ಮ ತಾಯಿಗೆ. ದೆವ್ವ ಅಲ್ಲ, ಗಡ್ಡೆ. ತಾಯಿ ಆ ಎರಡು ಮಾತನ್ನು ತಮಿಳಲ್ಲೇ ತಿರುಗಿ ಹೇಳಿಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಸಮಾಧಾನದ ಅಳುವೋ ಹೊಸ ಭಯದ್ದೋ ನನಗೆ ತಿಳಿಯಲಿಲ್ಲ. ಇನ್ನೂ ತಡವಾಗಿದ್ದರೆ ಅದು ಹರಡಬಹುದಿತ್ತು ಅಂತ ಡಾಕ್ಟರಮ್ಮ ನನಗೆ ಬೇರೆಯಾಗಿ ಹೇಳಿದರು. ಆಮೇಲೆ ಎಷ್ಟೋ ದಿನ ನಾನು ನೂಲು ಹಾಕಿ ಹಾಲಿನಂತೆ ಮಾಡಿ ಕಳಿಸಿದ ಆ ಮುಖ ನನ್ನ ಕಣ್ಣಮುಂದೆ ಬರುತ್ತಿತ್ತು.

ಹತ್ತು ದಿನಕ್ಕೆ ಆಪರೇಷನ್ ಆಯಿತು. ಗಡ್ಡೆ ಹರಡಿರಲಿಲ್ಲ. ಎರಡನೇ ತಿಂಗಳಿಗೆ ಮುಟ್ಟು ಬಂತು. ಹೊಸ ಕೂದಲು ಹುಟ್ಟುವುದು ನಿಂತಿತು. ಆದರೆ ಒಮ್ಮೆ ಬಲಿತ ಬೇರು ತಾನಾಗಿ ಸಾಯುವುದಿಲ್ಲ, ಅವನ್ನು ಒಂದೊಂದಾಗಿ ಸುಡಲೇಬೇಕು. ಡಾಕ್ಟರಮ್ಮ ಆಗಬಹುದು ಅಂದ ಮೇಲೆ ಸೂಜಿ ಮಿಷನ್ ಮತ್ತೆ ತೆಗೆದೆ. ಎರಡು ವಾರಕ್ಕೊಮ್ಮೆ, ಒಂದೊಂದು ಗಂಟೆ, ಒಂದೂವರೆ ವರ್ಷ. ಸುಟ್ಟಿದ್ದ ಕೆನ್ನೆಯನ್ನು ಆರು ತಿಂಗಳು ಮುಟ್ಟಲೇ ಇಲ್ಲ. ಈ ಸಲ ಕಾರ್ಡುಗಳು ತಿರುಗಿ ಬರಿದಾಗುತ್ತ ಬಂದವು.

ದನಿ ಮಾತ್ರ ಹಾಗೇ ಉಳಿಯಿತು. ದಪ್ಪವಾದ ಗಂಟಲ ತಂತಿ ಮತ್ತೆ ತೆಳ್ಳಗಾಗುವುದಿಲ್ಲ ಅಂದರು ಡಾಕ್ಟರಮ್ಮ. ಆಪರೇಷನ್ ಆಗಿ ಮನೆಗೆ ಹೋದ ದಿನ ಅಜ್ಜಿ, "ಗಡ್ಡೆ ತೆಗ್ದ್ರು, ನನ್ ಮಗನ್ನ ತೆಗ್ಯಾಕಾಗ್ಲಿಲ್ಲ," ಅಂತ ಬೀದಿಗೆಲ್ಲ ಹೇಳಿತಂತೆ. ಮಧ್ಯಾಹ್ನ ಎರಡಕ್ಕೆ ಮತ್ತೆ ಕರೆಯಿತಂತೆ. ಹುಡುಗಿ ಪಕ್ಕದಲ್ಲಿ ಕೂತು, "ಅಜ್ಜೀ, ನಾನು ನಿನ್ ಮೊಮ್ಮಗಳು. ಬಸ್ಸಲ್ಲಿ ಯಾರಿದ್ರೋ ನಂಗೆ ಗೊತ್ತಿಲ್ಲ," ಅಂದುಬಿಟ್ಟಳು. ಅಜ್ಜಿ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ.

ಕೊನೆಕೊನೆಗೆ ಗಲ್ಲದ ಕೆಳಗೆ ಹನ್ನೊಂದು ಕೂದಲು ಉಳಿದವು. ಇನ್ನೊಂದು ಸಲ ಬಂದರೆ ಮುಗಿಯಿತು ಅಂದೆ. ಅವಳು ಕನ್ನಡಿ ಹಿಡಿದು ನೋಡಿಕೊಂಡು, "ಇವು ಇರ್ಲಿ ಅಕ್ಕಾ," ಅಂದಳು.

"ಯಾಕವ್ವಾ?"

"ಅಜ್ಜಿಗೆ ಈಗ ಪೂರಾ ಕಣ್ಣು ಕಾಣ್ಸಲ್ಲ. ಸಂಜೆ ಮಲ್ಕಂಡಾಗ ಗಲ್ಲದ ಕೆಳಗೆ ಕೈಯಿಟ್ಟು ತಡವ್ತದೆ. ಏನೂ ಕೇಳಲ್ಲ. ನಾನೂ ಏನೂ ಏಳಲ್ಲ. ಮಾತಲ್ಲಿ ಸುಳ್ಳು ಏಳಲ್ಲ ಅಂತ ಇದ್ದೀನಿ. ಕೈಗೆ ಸಿಗಾದು ಸಿಗ್ಲಿ ಬಿಡಿ."

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಹೇಳದೆ ಕೇಳದೆ ಬಂದರು. ಹುಡುಗಿ ತಾನೇ ಪರದೆ ಸರಿಸಿ ಮಂಚದ ಮೇಲೆ ಮಲಗಿದಳು.

"ಅಜ್ಜಿ ತಿಥಿ ಮುಗೀತು ಅಕ್ಕಾ," ಅಂದಳು. "ಎಲ್ಲಾ ತೆಗೀರಿ."

ಕಾಲು ಗಂಟೆಯ ಕೆಲಸ. ಅವು ಒಂದಕ್ಕೊಂದು ದೂರದಲ್ಲಿದ್ದವು, ಒಂದೇ ದಿನ ತೆಗೆಯಬಹುದಿತ್ತು. ಹನ್ನೊಂದೂ ಜಗ್ಗದೆ ಬಂದವು. ತಣ್ಣನೆಯ ಲೋಷನ್ ಹಚ್ಚಿ ಹತ್ತಿ ಒತ್ತುತ್ತಿದ್ದಾಗ ಪರದೆ ಅಲುಗಿತು. ಅಷ್ಟು ವರ್ಷದಲ್ಲಿ ತಾಯಿ ಎಂದೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಒಳಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು. ದೀಪವನ್ನು ತಾನೇ ಹತ್ತಿರ ಎಳೆದುಕೊಂಡು ಮಗಳ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಒಂದು ಬೆರಳಿನಿಂದ ಗಲ್ಲ ಮುಟ್ಟಿದಳು.

"ಇದು ನನ್ ಗಲ್ಲ ಕಣೇ," ಅಂದಳು. "ನನ್ನಂಗೇ ಮಧ್ಯ ಗುಳಿ ಐತೆ."

"ಔದಾ?" ಅಂದಳು ಮಗಳು, ಆ ದಪ್ಪ ದನಿಯಲ್ಲಿ.

"ಔದು," ಅಂದಳು ತಾಯಿ. ಬೆರಳು ತೆಗೆಯಲಿಲ್ಲ.